ಋತುವನ್ನು ಕಣ್ಣಾರೆ ಕಂಡವರು

ವರ್ಷಕ್ಕೆ ಋತುಗಳು ಆರು ಎಂಬುದನ್ನು ನಾವೆಲ್ಲರೂ ಬಾಲ್ಯದಲ್ಲಿಯೇ ಕಂಠಪಾಠ ಮಾಡಿರುತ್ತೇವೆ. ಚೈತ್ರ-ವೈಶಾಖಗಳು ವಸಂತವೆಂದೂ ಜ್ಯೇಷ್ಠ-ಆಷಾಢಗಳು ಗ್ರೀಷ್ಮವೆಂದೂ ತಡವರಿಸದೆ ಹೇಳಬಲ್ಲೆವು. ಆದರೆ ಆಷಾಢದ ಜಡಿಮಳೆಯಲ್ಲಿ ನೆನೆಯುತ್ತ ಇದು ಗ್ರೀಷ್ಮವೆಂದು ಹೇಳುವಾಗ, ಬಾಯಿ ಆಡುವ ಮಾತಿಗೂ ಕಣ್ಣು ಕಾಣುವ ನೋಟಕ್ಕೂ ಹೊಂದಿಕೆ ಇಲ್ಲವೆಂಬುದು ನಮ್ಮ ಗಮನಕ್ಕೆ ಬರುವುದೇ ಇಲ್ಲ. ಈ ಅಂತರ ಬಂದುದಾದರೂ ಹೇಗೆ ಎಂಬುದಕ್ಕೆ ಒಂದು ದೀರ್ಘವಾದ ಇತಿಹಾಸವಿದೆ.

ಮೂಲದಲ್ಲಿ ತಿಂಗಳ ಹೆಸರೇ ಋತುವಿನ ಲಕ್ಷಣವನ್ನು ಹೇಳುತ್ತಿದ್ದಿತು. ತೈತ್ತಿರೀಯ ಸಂಹಿತೆಯು ವಸಂತದ ಎರಡು ಮಾಸಗಳನ್ನು ಮಧು, ಮಾಧವ ಎಂದೂ, ವರ್ಷಋತುವಿನ ಎರಡನ್ನು ನಭಸ್, ನಭಸ್ಯ ಎಂದೂ ಕರೆಯುತ್ತದೆ. ಮಧುವೆಂದರೆ ಜೇನು, ನಭಸ್ಸೆಂದರೆ ಮುಗಿಲು. ಚೈತ್ರಾದಿ ನಾಮಗಳಾದರೋ ಹುಣ್ಣಿಮೆಯ ಚಂದ್ರನು ಯಾವ ನಕ್ಷತ್ರದ ಬಳಿಯಲ್ಲಿರುವನೆಂಬುದನ್ನು ಸೂಚಿಸುವಂಥವು. ಮೊದಲಿನವು ನೆಲವನ್ನೂ ಮುಗಿಲನ್ನೂ ನೋಡಿ ಇಟ್ಟ ಹೆಸರುಗಳು. ಅನಂತರದವು ನಕ್ಷತ್ರಮಂಡಲವನ್ನು ನೋಡಿ ಇಟ್ಟವು. ಎರಡೂ ತಾಳ್ಮೆಯ ವೀಕ್ಷಣೆಯ ಫಲಗಳೇ ಹೊರತು ಊಹೆಯಿಂದ ಹುಟ್ಟಿದವಲ್ಲ.

ಆದರೆ ನಕ್ಷತ್ರಗಳಿಗೂ ಋತುಗಳಿಗೂ ಇರುವ ಸಂಬಂಧ ಶಾಶ್ವತವಲ್ಲ. ವೇದಾಂಗ ಜ್ಯೋತಿಷದ ಕಾಲದಲ್ಲಿ ಸೂರ್ಯನು ಧನಿಷ್ಠಾ ನಕ್ಷತ್ರದ ಆದಿಯಲ್ಲಿದ್ದಾಗ ಉತ್ತರಾಯಣ ಪ್ರಾರಂಭವಾಗುತ್ತಿದ್ದಿತು. ಕ್ರಿ.ಶ. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ಈ ಹಳೆಯ ಮಾತನ್ನು ಗೌರವದಿಂದಲೇ ಸ್ಮರಿಸಿ, ತನ್ನ ಕಾಲದಲ್ಲಿ ಅದು ಮಕರ ರಾಶಿಯ ಆರಂಭಕ್ಕೆ ಸರಿದಿದೆಯೆಂದು ತಿಳಿಸುತ್ತಾನೆ. ಮುಂದೆ ಅವನು ಹೇಳುವ ವಿಷಯ ಇನ್ನೂ ಮಹತ್ವದ್ದು. ಇದರಲ್ಲಿ ವ್ಯತ್ಯಾಸ ಕಂಡುಬಂದರೆ ಪ್ರತ್ಯಕ್ಷ ಪರೀಕ್ಷೆಯಿಂದ ನಿಶ್ಚಯಿಸಬೇಕು. ಅದಕ್ಕಾಗಿ ಉದಯಾಸ್ತಗಳಲ್ಲಿ ಸೂರ್ಯನನ್ನು ದೂರದ ಗುರುತುಗಳೊಡನೆ ಹೋಲಿಸಿ ನೋಡಬೇಕು, ಇಲ್ಲವೆ ನೆಲದ ಮೇಲೆ ದೊಡ್ಡ ವೃತ್ತವನ್ನೆಳೆದು ಶಂಕುವಿನ ನೆರಳನ್ನು ಗಮನಿಸಬೇಕು ಎಂಬುದು ಅವನ ಅಭಿಪ್ರಾಯ. ಶಾಸ್ತ್ರಕಾರನೇ ಶಾಸ್ತ್ರವನ್ನು ಕಣ್ಣಿನಿಂದ ಪರೀಕ್ಷಿಸೆಂದು ಅಪ್ಪಣೆ ಕೊಟ್ಟಂತಾಯಿತು. ಮಳೆಯ ವಿಷಯದಲ್ಲಿಯೂ ಅವನ ಕ್ರಮ ಇದೇ. ಒಂದು ಹಸ್ತ ಅಗಲದ ಪಾತ್ರೆಯಲ್ಲಿ ಬಿದ್ದ ನೀರನ್ನು ಅಳೆಯುವ ವಿಧಾನವನ್ನು ಅವನು ವಿವರಿಸಿದ್ದಾನೆ. ಮಳೆ ಅಳೆಯುವ ಇಂಥ ಪಾತ್ರೆಯ ಪ್ರಸ್ತಾಪ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಇದೆ.

ಈ ವ್ಯತ್ಯಾಸದ ಕಾರಣವೇನು? ಭೂಮಿಯ ಅಕ್ಷವು ಬುಗುರಿಯಂತೆ ಅತಿ ನಿಧಾನವಾಗಿ ತೂಗುತ್ತದೆ. ಅದರ ಒಂದು ಸುತ್ತಿಗೆ ಸುಮಾರು 25,800 ವರ್ಷಗಳು ಬೇಕು. ಇದರಿಂದಾಗಿ ನಕ್ಷತ್ರಗಳನ್ನು ಅವಲಂಬಿಸಿದ ವರ್ಷವು ಋತುಗಳ ವರ್ಷಕ್ಕಿಂತ 20 ನಿಮಿಷಗಳಿಗೂ ತುಸು ಹೆಚ್ಚು ದೀರ್ಘವಾಗಿದೆ. ಒಬ್ಬ ಮನುಷ್ಯನ ಆಯುಷ್ಯದಲ್ಲಿ ಅಂತರವಾಗುವುದು ಸುಮಾರು ಒಂದು ದಿನ ಮಾತ್ರ. ವರಾಹಮಿಹಿರನ ಕಾಲದಿಂದ ಇಂದಿನವರೆಗೆ ಅದು ಕೂಡಿ ಸುಮಾರು ಮೂರು ವಾರಗಳಷ್ಟಾಗಿದೆ. ಆದುದರಿಂದಲೇ ಸೂರ್ಯನು ಡಿಸೆಂಬರ್ 21-22ರ ಸುಮಾರಿಗೆ ಉತ್ತರಕ್ಕೆ ತಿರುಗಿದರೂ ಮಕರ ಸಂಕ್ರಾಂತಿ ಜನವರಿ 14-15ಕ್ಕೆ ಬರುತ್ತದೆ. ಹಬ್ಬದ ಪಾವಿತ್ರ್ಯಕ್ಕೆ ಇದರಿಂದ ಕುಂದೇನೂ ಇಲ್ಲ. ಆದರೆ ಅಂದಿನ ಆಕಾಶವನ್ನು ನೋಡಿ ಬರೆದುದನ್ನು, ಇಂದಿನ ಆಕಾಶವನ್ನು ನೋಡದೆಯೇ ಪುನರುಚ್ಚರಿಸುತ್ತ ಬಂದೆವೆಂಬುದು ಸ್ಪಷ್ಟ.

ನಮ್ಮ ನಾಡಿನ ಒಕ್ಕಲಿಗನ ಲೆಕ್ಕವೂ ನಕ್ಷತ್ರಗಳದೇ. ಸೂರ್ಯನು ಒಂದೊಂದು ನಕ್ಷತ್ರದಲ್ಲಿ 13-14 ದಿನಗಳಿರುತ್ತಾನೆ. ಆ ಅವಧಿಯ ಮಳೆಗೆ ಆ ನಕ್ಷತ್ರದ ಹೆಸರು. ಉತ್ತರ ಕರ್ನಾಟಕದವರು ಮಿರಗವೆನ್ನುವ ಮೃಗಶಿರೆ ಜೂನ್ 7-8ರ ಸುಮಾರಿಗೆ ಕೂಡುತ್ತದೆ. ಎರಡು ವಾರಗಳ ಮೇಲೆ ಆರಿದ್ರೆ. ಇವು ಮುಂಗಾರಿನ ಬಿತ್ತನೆಯ ಮಳೆಗಳು. ಹಿಂಗಾರಿ ಜೋಳಕ್ಕೆ ಹುಬ್ಬೆ-ಉತ್ತರೆಗಳ ಹದವನ್ನು ಕಾಯುವುದುಂಟು. ಇಲ್ಲಿ ಒಂದು ಅಂಶ ವಿಚಾರಾರ್ಹವಾಗಿದೆ. ವರಾಹಮಿಹಿರನ ಕಾಲದಲ್ಲಿ ಸೂರ್ಯನು ಮೃಗಶಿರೆಗೆ ಬರುತ್ತಿದ್ದುದು ಋತುಮಾನದಲ್ಲಿ ಈಗಿಗಿಂತ ಮೂರು ವಾರಗಳಿಗೂ ಮೊದಲು, ಅಂದರೆ ಇಂದಿನ ಲೆಕ್ಕದಲ್ಲಿ ಮೇ ತಿಂಗಳ ನಡುವಿನಲ್ಲಿ. ಅಂದಿನ ಮಾತನ್ನೇ ನಂಬಿ ಬಿತ್ತಿದ್ದರೆ ಇಂದು ಬೀಜ ಮೊಳೆಯುತ್ತಿರಲಿಲ್ಲ. ಅಕ್ಷರವರಿಯದ ಒಕ್ಕಲಿಗನು ತಲೆಮಾರಿನಿಂದ ತಲೆಮಾರಿಗೆ ಮೋಡವನ್ನೂ ಮಣ್ಣನ್ನೂ ನೋಡುತ್ತ, ತನ್ನ ಲೆಕ್ಕವನ್ನು ತಾನೇ ಸದ್ದಿಲ್ಲದೆ ತಿದ್ದಿಕೊಂಡು ಬಂದಿರಬೇಕೆಂದು ಊಹಿಸಬಹುದಾಗಿದೆ.

ವಿದ್ವಾಂಸರ ಲೋಕದಲ್ಲಿ ಈ ತಿದ್ದುಪಡಿ ತಡವಾಗಿ ಬಂದಿತು. 1952ರಲ್ಲಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ನೇಮಕಗೊಂಡ ಪಂಚಾಂಗ ಸುಧಾರಣಾ ಸಮಿತಿಯು 1955ರಲ್ಲಿ ವರದಿಯನ್ನೊಪ್ಪಿಸಿತು. ಅದರಂತೆ 1957ರ ಮಾರ್ಚ್ 22ರಿಂದ ಋತುಗಳಿಗೆ ಹೊಂದುವ ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂದಿತು. ಇನ್ನು ಮಳೆಯೇ ತನ್ನ ನಡೆಯನ್ನು ಬದಲಿಸುತ್ತಿರುವುದನ್ನು ಕಂಡು, ಭಾರತೀಯ ಹವಾಮಾನ ಇಲಾಖೆ 2020ರಲ್ಲಿ ಮುಂಗಾರಿನ ಆಗಮನ-ನಿರ್ಗಮನಗಳ ದಿನಾಂಕಗಳನ್ನು ಪರಿಷ್ಕರಿಸಿತು. ವಾಯವ್ಯ ಭಾರತದಿಂದ ಮಳೆ ಹಿಂದೆಗೆಯಲಾರಂಭಿಸುವ ದಿನ ಸೆಪ್ಟೆಂಬರ್ 1ರಿಂದ 17ಕ್ಕೆ ಸರಿಯಿತು. ಒಂದೂವರೆ ಸಾವಿರ ವರ್ಷಗಳ ಹಿಂದೆ ವರಾಹಮಿಹಿರ ಹೇಳಿದ ಪ್ರತ್ಯಕ್ಷ ಪರೀಕ್ಷೆಯೇ ಇಲ್ಲಿಯೂ ನಡೆದಿದೆ.

ಇದರಿಂದ ನಾವು ಗ್ರಹಿಸಬೇಕಾದುದು ಇಷ್ಟು. ಪಂಚಾಂಗವು ಋತುವಿನ ನೆನಪೇ ಹೊರತು ಋತುವಲ್ಲ. ಗೋಡೆಯ ಮೇಲಿನ ಹಾಳೆಯನ್ನು ತಿರುವಿದ ಮಾತ್ರಕ್ಕೆ ಕಾಲವನ್ನು ಅರಿತಂತಾಗುವುದಿಲ್ಲ. ಓದುಗರು ಈ ವರ್ಷ ಒಂದು ಕೆಲಸ ಮಾಡಿ ನೋಡಬಹುದು. ಡಿಸೆಂಬರ್ 21ರಂದು ಮನೆಯ ಮಾಳಿಗೆಯ ಮೇಲೆ ನಿಂತು, ಸೂರ್ಯನು ಯಾವ ಮರದ ಅಥವಾ ಗುಡ್ಡದ ನೇರಕ್ಕೆ ಮೂಡುವನೆಂದು ಗುರುತಿಟ್ಟುಕೊಳ್ಳಿ. ಸಂಕ್ರಾಂತಿಯಂದು ಅದೇ ಸ್ಥಳದಲ್ಲಿ ಮತ್ತೆ ನಿಲ್ಲಿ. ಸೂರ್ಯನು ಆ ಗುರುತಿನಿಂದ ತನ್ನದೇ ಬಿಂಬದ ಸುಮಾರು ನಾಲ್ಕು ಪಟ್ಟು ದೂರ ಉತ್ತರಕ್ಕೆ ಸರಿದಿರುವುದು ಕಾಣುತ್ತದೆ. ಇದಕ್ಕೆ ಯಂತ್ರವೂ ಬೇಡ, ಹಣವೂ ಬೇಡ. ಎರಡು ಬೆಳಗುಗಳ ಬಿಡುವು ಸಾಕು. ಆ ಬಿಡುವನ್ನು ಮಕ್ಕಳೊಡನೆ ಕಳೆದರೆ, ಆರು ಋತುಗಳ ಪಾಠ ಅವರಿಗೆ ಬಾಯಿಪಾಠವಾಗಿ ಮಾತ್ರ ಉಳಿಯಲಾರದು.