ಸೈನಿಕರ ಸಾಲಪತ್ರ



ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಓದಿದ್ದು ಮೆಟ್ರಿಕ್ಯುಲೇಷನ್. ಈಚೆಗೆ ನಿಘಂಟು ಪಕ್ಕದಲ್ಲಿಟ್ಟುಕೊಂಡು ಒಂದು ದಪ್ಪ ಇಂಗ್ಲಿಷ್ ಪುಸ್ತಕ ಓದಿ ಮುಗಿಸಿದೆ. ಅದು ಅಮೆರಿಕ ದೇಶ ಕಟ್ಟಿದ ಹಿರಿಯರಲ್ಲೊಬ್ಬರಾದ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಅವರ ಜೀವನಚರಿತ್ರೆ. ಬರೆದವರು ರಾನ್ ಚೆರ್ನೋ, ಪ್ರಕಟವಾದದ್ದು 2004ರಲ್ಲಿ. ಹ್ಯಾಮಿಲ್ಟನ್ ಕೂಡ ಮೊದಲು ನನ್ನಂತೆ ಗುಮಾಸ್ತರೇ!

ಅವರು ಕೆರಿಬಿಯನ್ ದ್ವೀಪಗಳಲ್ಲಿ ಬೆಳೆದ ಬಡ ಹುಡುಗ. 1768ರಲ್ಲಿ ತಾಯಿ ತೀರಿಕೊಂಡರು. ವ್ಯಾಪಾರದ ಮಳಿಗೆಯೊಂದರಲ್ಲಿ ಲೆಕ್ಕ ಬರೆಯುತ್ತ ಬೆಳೆದರು. ಮುಂದೆ ಅಮೆರಿಕಕ್ಕೆ ಹೋಗಿ, ಬ್ರಿಟಿಷರ ವಿರುದ್ಧದ ಯುದ್ಧದಲ್ಲಿ ಜಾರ್ಜ್ ವಾಷಿಂಗ್ಟನ್ನರ ಬಲಗೈಯಾದರು. 1789ರಲ್ಲಿ ಆ ದೇಶದ ಮೊದಲ ಹಣಕಾಸು ಮಂತ್ರಿಯಾದರು.

ಆಗ ಖಜಾನೆ ಬರಿದು, ಸಾಲ ಬೆಟ್ಟದಷ್ಟು. ಯುದ್ಧ ಮಾಡಿದ ಸೈನಿಕರಿಗೆ ಸರ್ಕಾರ ಸಂಬಳದ ಬದಲು ಸಾಲಪತ್ರ ಕೊಟ್ಟಿತ್ತು. ಹಣ ಬಂದೀತೆಂಬ ನಂಬಿಕೆ ಹೋಗಿ, ಅನೇಕರು ಅವನ್ನು ಮುಖಬೆಲೆಯ ಕಾಲು ಪಾಲಿಗಿಂತ ಕಡಿಮೆಗೆ ಮಾರಿಬಿಟ್ಟಿದ್ದರು. 1790ರಲ್ಲಿ ಹ್ಯಾಮಿಲ್ಟನ್ ಹೇಳಿದರು: ಪತ್ರ ಈಗ ಯಾರ ಕೈಯಲ್ಲಿದೆಯೋ ಅವರಿಗೇ ಹಣ ಸಲ್ಲಬೇಕು. ಇಲ್ಲವಾದರೆ ಸರ್ಕಾರದ ಕಾಗದವನ್ನು ನಾಳೆ ಯಾರೂ ನಂಬುವುದಿಲ್ಲ. ಮೂಲ ಸೈನಿಕನಿಗೂ ಪಾಲು ಕೊಡಿ ಎಂದು ಜೇಮ್ಸ್ ಮ್ಯಾಡಿಸನ್ ವಾದಿಸಿದರು. ಅವರ ಮಾತು ಸಭೆಯಲ್ಲಿ ಬಿದ್ದುಹೋಯಿತು.

ಬೇರರ್ ಚೆಕ್ಕು ತಂದವರಿಗೆ ಹಣ ಎಣಿಸಿಕೊಟ್ಟವನು ನಾನು. ಅದು ಯಾರಿಂದ, ಹೇಗೆ ಬಂತೆಂದು ವಿಚಾರಿಸಿದವನಲ್ಲ. ಹ್ಯಾಮಿಲ್ಟನ್ನರ ವಾದ ನನಗೆ ಅರ್ಥವಾಗುತ್ತದೆ. ಆದರೂ ಆ ಪುಟದಲ್ಲಿ ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂತೆ. ಕೊಯ್ಲಿಗೆ ಮುಂಚೆಯೇ ಬೆಳೆಯನ್ನು ಸಾಹುಕಾರನಿಗೆ ಅಗ್ಗಕ್ಕೆ ಒಪ್ಪಿಸಿದ ರೈತನನ್ನು ನೀವೂ ಕಂಡಿದ್ದೀರಲ್ಲವೇ? ಕಷ್ಟ ಯಾರದು, ಲಾಭ ಯಾರದು?

1804ರ ಜುಲೈ 11ರಂದು ಆರನ್ ಬರ್ ಎಂಬ ರಾಜಕಾರಣಿಯೊಡನೆ ಪಿಸ್ತೂಲಿನ ದ್ವಂದ್ವಯುದ್ಧ ನಡೆದು, ಮರುದಿನ ಹ್ಯಾಮಿಲ್ಟನ್ ತೀರಿಕೊಂಡರು. ದೇಶದ ಸಾಲಕ್ಕೆ ದಾರಿ ಮಾಡಿದವರು ಮನೆಗೆ ಬಿಟ್ಟುಹೋದದ್ದು ಸಾಲವನ್ನೇ. ಸ್ನೇಹಿತರು ಹಣ ಕೂಡಿಸಿ ಸಂಸಾರವನ್ನು ಕಾಪಾಡಿದರು. ಅವರು ತಮ್ಮ ಸೈನ್ಯದ ಬಾಬತ್ತನ್ನು ತಾವೇ ಬಿಟ್ಟುಕೊಟ್ಟಿದ್ದರು. ಅದಕ್ಕಾಗಿ ಹೆಂಡತಿ ಎಲಿಜಾ ಸರ್ಕಾರಕ್ಕೆ ಅರ್ಜಿ ಹಾಕಬೇಕಾಯಿತು. ಹಣ ಮಂಜೂರಾದದ್ದು 1816ರಲ್ಲಿ. ಹಳೆಯ ಸೈನಿಕರ ಬಾಕಿ ಕೊನೆಗೆ ಅವರ ಮನೆಯ ಬಾಗಿಲಿಗೇ ಬಂತು.

ಲೆಕ್ಕ ಸರಿಯಾಗಿದ್ದರೂ ನ್ಯಾಯ ಬಾಕಿ ಉಳಿಯಬಹುದು. ನಿಮ್ಮ ಮನೆಯಲ್ಲಿ ಬರಬೇಕಾದ ಹಣದ ಕಾಗದವಿದ್ದರೆ, ಅದು ಯಾವ ಭಾಷೆಯಲ್ಲೇ ಇರಲಿ, ಬಲ್ಲವರಿಂದ ಎರಡು ಸಲ ಓದಿಸಿರಿ. ಆತುರಪಟ್ಟು ಕೈಬಿಡಬೇಡಿ.