ಕುಸುಬೆಯೆಣ್ಣೆಯೂ ದೇಹರಕ್ಷಣೆಯ ಚರಿತ್ರೆಯೂ

ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಎರೆಭೂಮಿಯಲ್ಲಿ ಹಿಂಗಾರಿ ಜೋಳದ ಹೊಲದಂಚಿಗೆ ಕುಸುಬೆಯನ್ನು ಬಿತ್ತುವ ರೂಢಿಯು ಹಳೆಯದು. ಮುಳ್ಳಿನ ಗಿಡವಾದುದರಿಂದ ಅದು ದನಗಳನ್ನು ತಡೆಯುವುದು. ಅದರ ಬೀಜವು ಗಾಣಕ್ಕೆ ಹೋಗಿ ಅಡಿಗೆಯ ಎಣ್ಣೆಯಾಗುವುದು. ಹೊಲಕ್ಕೆ ಬೇಲಿಯಾದ ಈ ಗಿಡದ ಎಣ್ಣೆಗೆ ದೇಹದ ರಕ್ಷಣೆಯಲ್ಲಿಯೂ ಪಾಲುಂಟೆ ಎಂಬುದನ್ನು ವಿಚಾರಿಸುವುದೇ ಈ ಲೇಖದ ಉದ್ದೇಶವು.

ನಮ್ಮ ಪ್ರಾಚೀನ ವೈದ್ಯಗ್ರಂಥಗಳು ತುಪ್ಪ, ಎಣ್ಣೆ, ವಸೆ, ಮಜ್ಜೆಗಳೆಂಬ ನಾಲ್ಕನ್ನು ‘ಸ್ನೇಹ’ವೆಂದು ಕರೆದು, ಅವು ಬಲವನ್ನು ಹೆಚ್ಚಿಸುವುವೆಂದು ಹೇಳಿವೆ. ಆದರೆ ಆ ಬಲವು ಹೇಗೆ ಒದಗುವುದೆಂಬುದು ಬಹುಕಾಲ ತಿಳಿಯಲಿಲ್ಲ. 1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ತಲೆದೋರಲು, ಹಾಫ್‌ಕಿನ್ ಎಂಬ ವಿದ್ವಾಂಸನು ಲಸಿಕೆಯೊಂದನ್ನು ಸಿದ್ಧಪಡಿಸಿ 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡನು. ಮರುವರ್ಷ, ಕಿತ್ತೂರಿನಿಂದ ಧಾರವಾಡದ ಮೇಲೆ ಹಾದುಹೋಗುವ ದಾರಿಯಲ್ಲಿರುವ ಹುಬ್ಬಳ್ಳಿಯಲ್ಲಿ ಅದನ್ನು ಸಾವಿರಾರು ಜನರಿಗೆ ಹಾಕಲಾಯಿತು. ಆ ಲಸಿಕೆಗಾಗಿ ಪೋಷಕದ್ರವದ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟು, ಅವುಗಳಡಿಯಲ್ಲಿ ರೋಗಾಣುಗಳು ಜೋತುಬಿದ್ದು ಬೆಳೆಯುವಂತೆ ಮಾಡುತ್ತಿದ್ದರು. ಜಿಡ್ಡು ಅಲ್ಲಿ ಶತ್ರುವಿಗೆ ಆಸರೆಯಾಗಿದ್ದಿತು. ರಕ್ಷಕಕಣಗಳಿಗೂ ಅದು ಬೇಕೆಂಬುದು ಇನ್ನೂ ಗೋಚರವಾಗಿರಲಿಲ್ಲ.

ಆ ಕಾಲದಲ್ಲಿ ಕೊಬ್ಬು ಉರುವಲು ಮಾತ್ರವೆಂದು ಪಂಡಿತರು ಭಾವಿಸಿದ್ದರು. ಅಮೆರಿಕದ ಬರ್ ದಂಪತಿಗಳು 1929ರಲ್ಲಿ ಈ ಭಾವನೆಯನ್ನು ಅಲುಗಿಸಿದರು. ಕೊಬ್ಬಿಲ್ಲದ ಆಹಾರವನ್ನು ತಿಂದ ಇಲಿಗಳ ಚರ್ಮವು ಹೊಪ್ಪಳಿಸಿತು, ಬೆಳವಣಿಗೆಯು ಕುಂಠಿತವಾಯಿತು. ಲಿನೋಲಿಯಿಕ್ ಆಮ್ಲವನ್ನು ಕೊಡಲು ಅವು ಚೇತರಿಸಿಕೊಂಡವು. ದೇಹವು ತಾನಾಗಿ ನಿರ್ಮಿಸಲಾರದ ಈ ಆಮ್ಲವು ಕುಸುಬೆಯ ಹಳೆಯ ತಳಿಗಳ ಎಣ್ಣೆಯಲ್ಲಿ ನೂರಕ್ಕೆ ಸುಮಾರು 75 ಪಾಲಿರುವುದು. ಇದರಿಂದ ದೇಹವು ಅರಾಕಿಡೋನಿಕ್ ಆಮ್ಲವನ್ನೂ, ಅದರಿಂದ ಉರಿಯೂತವನ್ನು ನಡೆಯಿಸುವ ಪ್ರೊಸ್ಟಗ್ಲಾಂಡಿನ್‌ಗಳನ್ನೂ ಮಾಡಿಕೊಳ್ಳುವುದೆಂದು ಮುಂದೆ ತಿಳಿದುಬಂದಿತು. ಈ ಶೋಧಗಳಿಗೆ 1982ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು.

ರಕ್ಷಕಕಣಗಳ ಬೆಳವಣಿಗೆಯ ಮಾತು ಇನ್ನೂ ಈಚಿನದು. ಒಮ್ಮೆ ಕಂಡ ರೋಗವನ್ನು ನೆನಪಿಡುವ ಟಿ-ಕಣಗಳು ರೂಪುಗೊಳ್ಳಲು ಕೊಬ್ಬಿನ ಆಮ್ಲಗಳ ದಹನವು ಸಹಾಯಕವೆಂದು 2009ರಲ್ಲಿ ಇಲಿಗಳ ಮೇಲಿನ ಪ್ರಯೋಗವು ತೋರಿಸಿತು. ಉರಿಯೂತವನ್ನು ಕೆರಳಿಸುವ ಒಂದು ಬಗೆಯ ಟಿ-ಕಣಗಳು ಹೊಸ ಕೊಬ್ಬನ್ನು ತಾವೇ ನಿರ್ಮಿಸಿಕೊಳ್ಳುವುವು. ಆ ಕೆಲಸವನ್ನು ತಡೆದರೆ ಅವುಗಳ ಹುಟ್ಟು ಕುಗ್ಗಿ, ಉರಿಯೂತವನ್ನು ಶಮನಗೊಳಿಸುವ ಕಣಗಳು ಹೆಚ್ಚುವುವೆಂದು 2014ರಲ್ಲಿ ಕಂಡುಬಂದಿತು. ಆದುದರಿಂದ ಜಿಡ್ಡು ಬರಿಯ ಉರುವಲಲ್ಲ. ಕಣವು ಯಾವ ದಾರಿ ಹಿಡಿಯಬೇಕೆಂಬುದರಲ್ಲಿ ಅದಕ್ಕೂ ಮಾತುಂಟು.

ಇಷ್ಟರಿಂದ ನಮ್ಮ ಹಿರಿಯರು ಇದೆಲ್ಲವನ್ನೂ ಬಲ್ಲವರಾಗಿದ್ದರೆಂದು ಸಾರುವುದು ಚರಿತ್ರೆಯಾಗಲಾರದು. ಇಲ್ಲದಿದ್ದರೆ ಕೆಡುಕಾಗುವ ವಸ್ತುವು ಹೆಚ್ಚಾದಷ್ಟೂ ಒಳ್ಳೆಯದೆಂಬ ತರ್ಕವೂ ನಿಲ್ಲದು. ಒಕ್ಕಲಿಗನು ಕುಸುಬೆಯನ್ನು ಬಿತ್ತಿದ್ದು ದನವನ್ನು ತಡೆಯಲು, ಎಣ್ಣೆಯನ್ನು ಪಡೆಯಲು. ಆತನ ಅರಿವು ಹೊಲದ ಅರಿವು. ಅದಕ್ಕೆ ಸಲ್ಲುವ ಗೌರವವು ಸಣ್ಣದಲ್ಲ. ಅದನ್ನು ಪ್ರಯೋಗಶಾಲೆಯ ಅರಿವೆಂದು ಹೆಸರಿಸಿದರೆ ಎರಡಕ್ಕೂ ಅನ್ಯಾಯವಾಗುವುದು.