ಕಲಿಯುವವನಿಗೆ ಅನ್ನವಿಟ್ಟವರು

ಮಲಪ್ರಭೆಯ ದಂಡೆಯ ಐಹೊಳೆಗೆ ಹೋದವರು ದುರ್ಗದ ಗುಡಿಯನ್ನೂ ಲಾಡಖಾನ ಗುಡಿಯನ್ನೂ ನೋಡಿ, ಕಾಲಲ್ಲಿ ಶಕ್ತಿಯಿದ್ದರೆ ಮೇಗುತಿಯ ಗುಡ್ಡವನ್ನೂ ಹತ್ತಿ ಹಿಂದಿರುಗುತ್ತಾರೆ. ಆ ಗುಡ್ಡದ ಬಸದಿಯ ಗೋಡೆಯ ಮೇಲೆ ಕ್ರಿ. ಶ. 634-35ರಲ್ಲಿ ರವಿಕೀರ್ತಿಯು ಬರೆದ ಶಾಸನವು ಇಮ್ಮಡಿ ಪುಲಕೇಶಿಯ ವಿಜಯಗಳನ್ನು ಸಾರುತ್ತದೆ. ಅರಸರ ದಿಗ್ವಿಜಯಗಳನ್ನು ನಮ್ಮ ಮಕ್ಕಳು ಶಾಲೆಯಲ್ಲಿ ಬಾಯಿಪಾಠ ಮಾಡುತ್ತಾರೆ. ಆದರೆ ಇಂಥ ಶಾಸನವನ್ನು ರಚಿಸಬಲ್ಲ ಪಂಡಿತರು ಬಾಲ್ಯದಲ್ಲಿ ಯಾರ ಅನ್ನವನ್ನು ಉಂಡು, ಯಾರು ಕೊಟ್ಟ ಎಣ್ಣೆಯ ದೀಪದ ಮುಂದೆ ಕುಳಿತು ಓದಿದರು ಎಂದು ಕೇಳುವವರು ವಿರಳ. ನಮ್ಮ ಧರ್ಮಕೇಂದ್ರದ ಶತಮಾನೋತ್ಸವದ ಸಂಚಿಕೆಗೆ ಇತಿಹಾಸ ಲೇಖನವೊಂದು ಬೇಕೆಂದು ಸಮಿತಿಯವರು ಅಪ್ಪಣೆ ಮಾಡಿದಾಗ ಈ ಪ್ರಶ್ನೆಯನ್ನೇ ಎತ್ತಿಕೊಳ್ಳಬೇಕೆಂದು ನನಗೆ ತೋರಿತು. ಬುದ್ಧಿಯಿದ್ದು ಹಣವಿಲ್ಲದ ಮಗುವನ್ನು ನಮ್ಮ ನಾಡು ಹೇಗೆ ಓದಿಸಿತು?

ಬಾಗಲಕೋಟೆ, ಬಾದಾಮಿ, ಹುನಗುಂದಗಳು 1997ರವರೆಗೆ ವಿಜಾಪುರ ಜಿಲ್ಲೆಗೇ ಸೇರಿದ್ದವು. ಆ ಹಳೆಯ ಜಿಲ್ಲೆಯ ಉತ್ತರ ಭಾಗದಲ್ಲಿ, ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ, ನಮ್ಮ ಪ್ರಶ್ನೆಗೆ ಉತ್ತರ ಹೇಳುವ ಕಂಬವೊಂದು ದೊರೆತಿದೆ. ಕ್ರಿ. ಶ. 945ರಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಅಲ್ಲಿ ಒಂದು ಪಾಠಶಾಲೆಯನ್ನು ಕಟ್ಟಿಸಿದನು. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕಾಗಿ 27 ಮನೆಗಳು ಇದ್ದವು. ದೀಪದ ವೆಚ್ಚಕ್ಕೆಂದು 12 ನಿವರ್ತನ ಭೂಮಿ, ಉಪಾಧ್ಯಾಯನ ಜೀವನಕ್ಕೆಂದು 50 ನಿವರ್ತನ ಭೂಮಿ ಬೇರೆಯಾಗಿ ದತ್ತವಾಗಿದ್ದವು. ದೀಪದ ಎಣ್ಣೆಗೆ ಪ್ರತ್ಯೇಕ ಹೊಲವನ್ನು ತೆಗೆದಿರಿಸಿದವನಿಗೆ ವಿದ್ಯಾರ್ಥಿಯ ಕಷ್ಟ ಗೊತ್ತಿತ್ತೆಂದೇ ನಾನು ತಿಳಿಯುತ್ತೇನೆ. ಹಗಲು ಪಾಠವಾದರೆ ಸಾಲದು, ರಾತ್ರಿ ಅದನ್ನು ತಿರುವಿಹಾಕಲು ಬೆಳಕು ಬೇಕಲ್ಲವೇ?

ಇದಕ್ಕಿಂತಲೂ ಸೊಗಸಾದ ಏರ್ಪಾಡು ಆ ಶಾಸನದಲ್ಲಿಯೇ ಇನ್ನೊಂದಿದೆ. ಆ ಊರಿನಲ್ಲಿ ಮದುವೆ ನಡೆದಾಗಲೆಲ್ಲ ಪಾಠಶಾಲೆಗೆ 5 ನಾಣ್ಯ, ಉಪನಯನಕ್ಕೆ ಎರಡೂವರೆ, ಚೌಲಕ್ಕೆ ಒಂದೂವರೆ ನಾಣ್ಯವನ್ನು ಕೊಡತಕ್ಕದ್ದು ಎಂದು ಗೊತ್ತುಪಡಿಸಲಾಗಿತ್ತು. ಅರಸನ ಮಂತ್ರಿ ಒಂದು ಸಲ ಕೊಟ್ಟು ಹೋದನು. ಊರಿನವರು ಮಾತ್ರ ತಮ್ಮ ಮನೆಯ ಪ್ರತಿಯೊಂದು ಸಂತೋಷದ ದಿನದಲ್ಲಿಯೂ ಕೊಡುತ್ತಲೇ ಇರಬೇಕಾಗಿತ್ತು. ಪರವೂರಿನ ಹುಡುಗನ ಊಟ ಹೀಗೆ ಆ ಊರಿನ ಮದುವೆಯ ಖರ್ಚಿನ ಒಂದು ಭಾಗವಾಯಿತು. ಇದೇ ಕಾಲದ ಸುಮಾರಿಗೆ ಹಾಗೂ ಮುಂದೆ, ಐಹೊಳೆಯ ಹೆಸರನ್ನು ಹೊತ್ತ ಅಯ್ಯಾವೊಳೆ ಐನೂರ್ವರೆಂಬ ವರ್ತಕರ ಸಂಘವು ದಕ್ಷಿಣದ ಊರೂರುಗಳಲ್ಲಿ ತಮ್ಮ ಸರಕಿನ ಮೇಲೆ ತಾವೇ ತೆರಿಗೆ ಹಾಕಿಕೊಂಡು ದೇವಾಲಯಗಳಿಗೆ ಕೊಡುತ್ತಿತ್ತು. ಕಲಬುರಗಿ ಸೀಮೆಯ ನಾಗಾವಿಯಲ್ಲಿ ಚಾಲುಕ್ಯ ಒಂದನೆಯ ಸೋಮೇಶ್ವರನ ದಂಡನಾಯಕ ಮಧುಸೂದನನು ನಡೆಸಿದ ಘಟಿಕಾಸ್ಥಾನದ ವಿಷಯ 1058ರ ಶಾಸನದಿಂದ ತಿಳಿದುಬರುತ್ತದೆ. ಅಲ್ಲಿ ವೇದವನ್ನು ಕಲಿಯುವ 200 ಮಂದಿ ವಿದ್ಯಾರ್ಥಿಗಳಲ್ಲದೆ ಶಾಸ್ತ್ರದ ವಿದ್ಯಾರ್ಥಿಗಳೂ, ಅವರೆಲ್ಲರಿಗಾಗಿ ಗ್ರಂಥಗಳನ್ನು ಕಾಯುವ 6 ಮಂದಿ ಸರಸ್ವತೀ ಭಂಡಾರಿಗರೂ ಇದ್ದರು.

ಪಶ್ಚಿಮದ ಧರ್ಮಸಭೆಯ ಇತಿಹಾಸವನ್ನು ಗುರುಮಠದಲ್ಲಿ ಓದಿದ ನಮ್ಮಂಥವರಿಗೆ ಇದನ್ನು ಕಂಡಾಗ ಹೋಲಿಕೆಯೊಂದು ನೆನಪಾಗದೆ ಇರದು. 1179ರ ಮೂರನೆಯ ಲ್ಯಾಟೆರನ್ ಮಹಾಸಭೆಯು ಪ್ರತಿಯೊಂದು ಪ್ರಧಾನಾಲಯದಲ್ಲಿಯೂ ಬಡ ವಿದ್ಯಾರ್ಥಿಗಳಿಗೆ ಪುಕ್ಕಟೆಯಾಗಿ ಕಲಿಸುವ ಉಪಾಧ್ಯಾಯನಿಗೆ ಆದಾಯವನ್ನು ಏರ್ಪಡಿಸಬೇಕೆಂದು ವಿಧಿಸಿತು. 1563ರಲ್ಲಿ ಟ್ರೆಂಟ್ ಮಹಾಸಭೆಯು ಗುರುಮಠಗಳನ್ನು ಸ್ಥಾಪಿಸುವಾಗ ಬಡವರ ಮಕ್ಕಳನ್ನೇ ಮುಖ್ಯವಾಗಿ ಆರಿಸಿಕೊಳ್ಳಬೇಕೆಂದು ಹೇಳಿತು. ಸಾಲೋಟಗಿಯ ಕಂಬವು ಲ್ಯಾಟೆರನ್ನಿನ ವಿಧಿಗಿಂತ ಇನ್ನೂರು ವರ್ಷಗಳಿಗೂ ಹೆಚ್ಚು ಹಳೆಯದು. ಹಿರಿತನದ ಪಂದ್ಯಕ್ಕಾಗಿ ಈ ಮಾತನ್ನು ಹೇಳುತ್ತಿಲ್ಲ. ಕಲಿಯುವವನಿಗೆ ಅನ್ನ, ನೆಲೆ, ಬೆಳಕು ಬೇಕೆಂಬುದನ್ನು ಎರಡು ದೂರದ ನಾಡುಗಳು ಒಂದನ್ನೊಂದು ಅರಿಯದೆಯೇ ಕಂಡುಕೊಂಡವು.

ಆದರೆ ಇತಿಹಾಸಕಾರನು ಹೊಗಳಿಕೆಯಲ್ಲಿಯೇ ನಿಲ್ಲಲಾರನು. ಸಾಲೋಟಗಿಯ 27 ಮನೆಗಳಲ್ಲಿ ವಾಸಿಸಿದವರು ಬ್ರಾಹ್ಮಣ ವಟುಗಳು. ಆ ಹೊಲಗಳನ್ನು ಉತ್ತವರ ಮಕ್ಕಳಿಗೆ ಅಲ್ಲಿ ಸ್ಥಾನವಿರಲಿಲ್ಲ. ಹೆಣ್ಣುಮಕ್ಕಳ ಮಾತಂತೂ ದೂರವೇ ಉಳಿಯಿತು. ಮುಂದಿನ ಶತಮಾನಗಳಲ್ಲಿಯೂ ಇದೇ ಕಥೆ. ಧಾರವಾಡ, ಬೆಳಗಾವಿಯಂಥ ಊರುಗಳಿಗೆ ಇಂಗ್ಲಿಷ್ ಶಾಲೆಗಳು ಬಂದಾಗ ಹಳ್ಳಿಯ ಬಡ ಹುಡುಗರು ವಾರಾನ್ನದ ಮೇಲೆ ಓದಿದರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ಏಳು ದಿನಕ್ಕೆ ಏಳು ಮನೆ. ಒಂದು ವಾರ ಸಿಗದಿದ್ದರೆ ಆ ದಿನ ಉಪವಾಸ, ಇಲ್ಲವೆ ಜೋಳಿಗೆ ಹಿಡಿದು ಮಾಧುಕರಿ. ವಾರಾನ್ನದ ತಾಯಂದಿರನ್ನು ಕೃತಜ್ಞತೆಯಿಂದ ನೆನೆಯದ ಹಿರಿಯರು ಆ ತಲೆಮಾರಿನಲ್ಲಿ ವಿರಳ. ಆದರೆ ಅಡಿಗೆಮನೆಯೊಳಗೆ ಪಂಕ್ತಿ ಸಿಗುವುದಕ್ಕೂ ಜಾತಿ ಕೂಡಿಬರಬೇಕಾಗಿತ್ತು. ನೇಕಾರನ ಮಗನಿಗೆ, ಸಮಗಾರನ ಮಗನಿಗೆ ಯಾವ ಮನೆಯ ಸೋಮವಾರವೂ ಇರಲಿಲ್ಲ.

ಈ ಬಾಗಿಲನ್ನು ಒಂದೊಂದು ಸಮಾಜವೂ ತನ್ನ ಕಡೆಯಿಂದ ತಳ್ಳಿ ತೆರೆಯಿತು. 1883ರಲ್ಲಿ ಗಿಲಗಂಚಿ ಗುರುಸಿದ್ಧಪ್ಪನವರು, ಅರಟಾಳ ರುದ್ರಗೌಡರು ಮೊದಲಾದವರು ಧಾರವಾಡದಲ್ಲಿ ಲಿಂಗಾಯತ ಬಡ ವಿದ್ಯಾರ್ಥಿಗಳ ನೆರವಿಗೆ ನಿಧಿಯೊಂದನ್ನು ಕೂಡಿಸಿದರು. ಸವದತ್ತಿ ತಾಲ್ಲೂಕಿನ ಶಿರಸಂಗಿಯ ಲಿಂಗರಾಜ ದೇಸಾಯಿಯವರು (1861-1906) ತಮ್ಮ ದೇಸಗತಿಯ ಆಸ್ತಿಯನ್ನೇ ಸಮಾಜದ ಮಕ್ಕಳ ವಿದ್ಯೆಗೆಂದು ಮರಣಶಾಸನದಲ್ಲಿ ಬರೆದಿಟ್ಟರು. ಅವರ ನಿಧನದ ನಂತರ ಆಸ್ತಿಯ ಬಗ್ಗೆ ವ್ಯಾಜ್ಯ ಹುಟ್ಟಿ, ವರ್ಷಗಟ್ಟಲೆ ಕೋರ್ಟುಗಳನ್ನು ಸುತ್ತಿದ ಮೇಲೆಯೇ ಆ ಹಣ ವಿದ್ಯಾರ್ಥಿಗಳ ಕೈ ಸೇರಿದ್ದು. ದಾನ ಮಾಡುವವರು ಬದುಕಿರುವಾಗಲೇ ಮಾಡಿ ಮುಗಿಸುವುದು ಲೇಸೆಂದು ನಮ್ಮ ವಕೀಲ ಬಂಧುಗಳು ಹೇಳುವುದುಂಟು. ಬಾಗಲಕೋಟೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘವೂ 1906ರಲ್ಲಿಯೇ ಹುಟ್ಟಿತು. ಹತ್ತು ವರ್ಷಗಳ ನಂತರ ಏಳು ಮಂದಿ ತರುಣ ಶಿಕ್ಷಕರು ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. 1933ರಲ್ಲಿ ಅವರು ತೆರೆದ ಕಾಲೇಜಿಗೆ ಲಿಂಗರಾಜರ ಹೆಸರೇ ಸಂದಿತು. ಮಠಗಳು ಪ್ರಸಾದ ನಿಲಯಗಳನ್ನು ನಡೆಸಿದವು. ತುಮಕೂರಿನ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳು (1907-2019) ಎಲ್ಲ ಜಾತಿಮತಗಳ ಸಾವಿರಾರು ಮಕ್ಕಳಿಗೆ ಊಟ, ವಸತಿ, ವಿದ್ಯೆ ಮೂರನ್ನೂ ಕೊಟ್ಟು ಆ ಹಳೆಯ ಬೇಲಿಯನ್ನೇ ಕಿತ್ತುಹಾಕಿದರು.

ಹಣದ ಕಥೆ ಇಷ್ಟಾಯಿತು. ಆದರೆ ಹಣವಿದ್ದರೂ ಅದು ತಕ್ಕ ಹುಡುಗನನ್ನು ತಾನಾಗಿ ಹುಡುಕಿಕೊಂಡು ಹೋಗುವುದಿಲ್ಲ. ನಡುವೆ ಒಬ್ಬ ಮನುಷ್ಯ ಬೇಕು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತ, ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಮನೆಪಾಠ ಹೇಳಿ ಹೊಟ್ಟೆ ಹೊರೆದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1881ರಲ್ಲಿ ಬಿ. ಎ. ಮುಗಿಸಿದರು. ಪ್ರಿನ್ಸಿಪಾಲರಾದ ಚಾರ್ಲ್ಸ್ ವಾಟರ್ಸ್ ಅವರಿಗೆ ಈ ಶಿಷ್ಯನಲ್ಲಿ ವಿಶೇಷ ಅಕ್ಕರೆಯಿತ್ತು. ಮೈಸೂರು ಸರ್ಕಾರದ ನೆರವು ದೊರೆತು ಅವರು ಪುಣೆಯ ವಿಜ್ಞಾನ ಕಾಲೇಜಿಗೆ ಹೋಗಿ ಎಂಜಿನಿಯರಾದರು.

ಇನ್ನೂ ಸ್ಪಷ್ಟವಾದ ನಿದರ್ಶನ ಮುಂಬಯಿಯದು. ನಮ್ಮ ವಿಜಾಪುರ ಜಿಲ್ಲೆಯೂ ಆಗ ಮುಂಬಯಿ ಪ್ರಾಂತಕ್ಕೇ ಸೇರಿತ್ತಾದ್ದರಿಂದ ಅದು ನಮಗೆ ಹೊರಗಿನ ಕಥೆಯಲ್ಲ. ಪರಳದ ಕಾರ್ಮಿಕರ ಚಾಳಿನಲ್ಲಿ ಒಂದೇ ಕೋಣೆಯಲ್ಲಿ ತಂದೆಯೊಡನೆ ಸರದಿಯ ಮೇಲೆ ಮಲಗಿ ಓದುತ್ತಿದ್ದ ಭೀಮರಾವ್ ಅಂಬೇಡ್ಕರರು ಶಾಲೆ ಬಿಟ್ಟ ಮೇಲೆ ಉದ್ಯಾನವೊಂದರಲ್ಲಿ ಪುಸ್ತಕ ಹಿಡಿದು ಕುಳಿತಿರುತ್ತಿದ್ದರು. ಅದೇ ಉದ್ಯಾನಕ್ಕೆ ಬರುತ್ತಿದ್ದ ಶಿಕ್ಷಕ ಕೃಷ್ಣಾಜಿ ಅರ್ಜುನ ಕೇಳುಸ್ಕರರು ಈ ಹುಡುಗನನ್ನು ಗಮನಿಸಿದರು. 1907ರಲ್ಲಿ ಹುಡುಗ ಮೆಟ್ರಿಕ್ ಮುಗಿಸಿದಾಗ ನಡೆದ ಸನ್ಮಾನ ಸಭೆಯಲ್ಲಿ ತಾವೇ ಬರೆದ ಬುದ್ಧನ ಚರಿತ್ರೆಯನ್ನು ಕಾಣಿಕೆಯಾಗಿ ಕೊಟ್ಟರು. ಮುಂದೆ ಕಾಲೇಜಿನ ಓದು ಹಣವಿಲ್ಲದೆ ನಿಲ್ಲುವ ಹೊತ್ತಿಗೆ ಬರೋಡೆಯ ಸಯ್ಯಾಜಿರಾವ್ ಗಾಯಕವಾಡರ ಬಳಿಗೆ ಕರೆದೊಯ್ದವರೂ ಅವರೇ. ಮಹಾರಾಜರು ತಿಂಗಳಿಗೆ 25 ರೂಪಾಯಿ ಕೊಟ್ಟರು. 1913ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳುಹಿಸಿದಾಗ ತಿಂಗಳಿಗೆ ಹನ್ನೊಂದೂವರೆ ಪೌಂಡು. ಗಾಯಕವಾಡರ ಹೆಸರು ಎಲ್ಲ ಪುಸ್ತಕಗಳಲ್ಲಿಯೂ ಇದೆ. ಕೇಳುಸ್ಕರರ ಹೆಸರು ಅಷ್ಟು ಪ್ರಸಿದ್ಧವಲ್ಲ. ನನ್ನ ಅಭಿಪ್ರಾಯದಲ್ಲಿ, ಅವರಿಲ್ಲದಿದ್ದರೆ ಆ ಖಜಾನೆಗೂ ಆ ಚಾಳಿಗೂ ನಡುವೆ ದಾರಿಯೇ ಇರುತ್ತಿರಲಿಲ್ಲ.

ತಾವು ಪಡೆದುದನ್ನು ಅಂಬೇಡ್ಕರರು ಮರೆಯಲಿಲ್ಲ. 1928ರಲ್ಲಿ ಅವರು ಸ್ಥಾಪಿಸಿದ ಶಿಕ್ಷಣ ಸಂಘವು ದಲಿತ ವಿದ್ಯಾರ್ಥಿಗಳಿಗಾಗಿ ಪನವೇಲ, ಠಾಣೆ, ನಾಶಿಕ, ಪುಣೆಗಳಲ್ಲಿ ವಸತಿಗೃಹಗಳನ್ನು ನಡೆಸಿತು. ಐದನೆಯದು ನಮ್ಮ ಧಾರವಾಡದಲ್ಲಿ. ಯಾವ ಊರಿನ ಪಂಕ್ತಿಯೂ ಕರೆಯದಿದ್ದ ಮಕ್ಕಳಿಗೆ ಅಲ್ಲಿ ದಿನದ ಅನ್ನವೂ ಮಲಗುವ ಜಾಗವೂ ಸಿಕ್ಕಿತು. 1944ರಲ್ಲಿ ಭಾರತ ಸರ್ಕಾರವೇ ಪರಿಶಿಷ್ಟ ಜಾತಿಯವರಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನು ಆರಂಭಿಸಿತು. ಕರ್ನಾಟಕದಲ್ಲಿ ದೇವರಾಜ ಅರಸರ ಆಡಳಿತ, 1975ರ ಹಾವನೂರ ಆಯೋಗದ ವರದಿ, ಹಿಂದುಳಿದ ವರ್ಗಗಳ ವಸತಿ ನಿಲಯಗಳು, ಇವುಗಳ ಚರಿತ್ರೆ ಹಿರಿಯ ಓದುಗರಿಗೆ ಕಣ್ಣಾರೆ ಕಂಡದ್ದೇ ಆಗಿದೆ.

ಈಗ ಹುಡುಗರು ಕಲಿಯುವುದು ಪಟ್ಟಣಗಳಲ್ಲಿ. ಐಹೊಳೆ, ಅಮೀನಗಡಗಳಿಂದ ಹುನಗುಂದಕ್ಕೂ ಇಳಕಲ್ಲಿಗೂ, ಆಲಮಟ್ಟಿಯ ಹಿನ್ನೀರಿಗೆ ಮನೆ ಕೊಟ್ಟವರು ನೆಲೆಸಿದ ಬಾಗಲಕೋಟೆಯ ನವನಗರಕ್ಕೂ ಮಕ್ಕಳು ಬಸ್ಸಿನಲ್ಲಿ ಹೋಗಿಬರುತ್ತಾರೆ. ಇಳಕಲ್ಲಿನ ಸೀರೆ ನೇಯುವವರ ಮಕ್ಕಳು, ಗಾರೆ ಕೆಲಸದವರ ಮಕ್ಕಳು ಪಟ್ಟಣದಲ್ಲಿಯೇ ಹುಟ್ಟಿ ಪಟ್ಟಣದ ಕಾಲೇಜಿನ ಶುಲ್ಕಕ್ಕೆ ಹೆದರಿ ನಿಲ್ಲುತ್ತಾರೆ. ವಿದ್ಯಾರ್ಥಿವೇತನಗಳ ಯೋಜನೆಗಳೇನೋ ಅನೇಕ ಇವೆ. ಜಾತಿ ಮತ್ತು ಆದಾಯದ ಪ್ರಮಾಣಪತ್ರ ತಹಶೀಲ್ದಾರರ ಕಚೇರಿಯಿಂದ ಬರಬೇಕು, ಬ್ಯಾಂಕಿನ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು, ಅರ್ಜಿ ಕಂಪ್ಯೂಟರಿನಲ್ಲಿ ಕಡೆಯ ದಿನದೊಳಗೆ ಸೇರಬೇಕು, ಹೆಸರಿನ ಒಂದು ಅಕ್ಷರವೂ ತಪ್ಪಬಾರದು. ತಂದೆ ತಾಯಿ ಇಬ್ಬರೂ ಓದದ ಮನೆಯಲ್ಲಿ ಇದನ್ನು ಮಾಡಿಕೊಡುವವರಾರು? ಭಾನುವಾರದ ಪೂಜೆ ಮುಗಿದ ಮೇಲೆ ಜೂನ್, ಜುಲೈ ತಿಂಗಳುಗಳಲ್ಲಿ ಕಾಗದದ ಕಟ್ಟು ಹಿಡಿದು ಗುರುಗಳ ನಿವಾಸದ ಜಗಲಿಗೆ ಬರುವ ಮಕ್ಕಳಲ್ಲಿ ನಮ್ಮ ಸಭೆಯವರಿಗಿಂತ ಹೊರಗಿನವರೇ ಹೆಚ್ಚು. ನಮ್ಮ ಸಭೆಯ ನಿವೃತ್ತ ಶಿಕ್ಷಕಿಯರಿಬ್ಬರು ಅಲ್ಲಿಯೇ ಮೇಜು ಹಾಕಿಕೊಂಡು ಕುಳಿತು, ಒಬ್ಬೊಬ್ಬರ ಅಂಕಪಟ್ಟಿಯನ್ನೂ ನೋಡಿ, ಯಾವ ಕಾಗದ ಕಡಮೆಯಾಗಿದೆಯೆಂದು ಹೇಳಿ ಕಳುಹಿಸುತ್ತಾರೆ.